ಎರಡೂ ಕಡೆ ನಾಲ್ಕು ಬೆರಳು

'ಯಾರಿಗೂ ಹೇಳದ ಮಾತೊಂದನ್ನು ಇವತ್ತು ಬರೆದುಬಿಡುತ್ತೇನೆ. ನಮ್ಮ ಕಾರು ಎಡಕ್ಕೆ ವಾಲಿರುವುದು ನನ್ನ ಭಾರಕ್ಕೆ. ನಾನು ದಪ್ಪ ಇದ್ದೇನೆ.'

ಇಷ್ಟು ಬರೆದು ಲೋಹಿತಾ ಡೈರಿ ಮುಚ್ಚಿದಳು. ಮತ್ತೆ ತೆರೆದು ಕೊನೆಯ ವಾಕ್ಯವನ್ನು ಹೊಡೆದುಹಾಕಿದಳು. ಹೊಡೆದುಹಾಕಿದರೂ ಅಕ್ಷರಗಳು ಗೆರೆಯ ಹಿಂದಿನಿಂದ ಅವಳನ್ನೇ ನೋಡುತ್ತಿದ್ದವು...

ಈ ಮಾತು ಎದೆಗಿಳಿದಾಗ ಅವಳಿಗೆ ಹದಿಮೂರು. ಮದುವೆ ಮನೆಯೊಂದರ ಮುಂದೆ ಸೋದರಮಾವ ಲಕ್ಷ್ಮೀಪತಿ ಎಲ್ಲರೆದುರು ಕೂಗಿ ಹೇಳಿದ್ದ. "ಏ ಲೋಹಿ, ಒಂದ್ ಸರಿ ಕೆಳಕ್ಕಿಳಿ. ಕಾರು ನೆಟ್ಟಗಾಗ್ತದಾ ನೋಡಾನ."

ಅವಳು ಇಳಿದಳು. ಕಾರು ನಿಜವಾಗಿಯೂ ಒಂದಿಷ್ಟು ಮೇಲೆದ್ದಿತು! ಚಪ್ಪರದ ಕೆಳಗಿದ್ದವರೆಲ್ಲ ನಕ್ಕರು.

ಆ ಒಂದಿಷ್ಟು ಎತ್ತರ ಹನ್ನೊಂದು ವರ್ಷಗಳಿಂದ ಅವಳ ಎದೆಯಲ್ಲಿ ಹಾಗೇ ಕೂತಿತ್ತು. ಫೋಟೋ ತೆಗೆಯುವಾಗ ಹಿಂದಿನ ಸಾಲು, ಬಸ್ಸಿನಲ್ಲಿ ಸೀಟಿನ ತುದಿ. ಯಾರು ಏನು ಕೇಳಿದರೂ ಎರಡೇ ಉತ್ತರ. 'ಹೂಂ', 'ಪರವಾಗಿಲ್ಲ'.

ಈಗ ಆ ಕಾರಿನ ಕಥೆಯೇ ಮುಗಿಯುವ ಹಾಗಿತ್ತು.

ಮಧುಗಿರಿ ಬಳಿಯ ಪುರವರದ ಅವರ ಕಾಲೋನಿಗೆ ಬಂದ ಮೊಟ್ಟಮೊದಲ ಕಾರು ಅದು. ಅಪ್ಪ ದಾಸಯ್ಯ ಮೇಷ್ಟ್ರು ಕೊಂಡ ಬಿಳಿ ಮಾರುತಿ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಅಗಲದ ಬುದ್ಧ. ಇಪ್ಪತ್ತು ವರ್ಷ ತುಂಬಿದ ಗಾಡಿಗೆ ಮತ್ತೆ ರಿಜಿಸ್ಟ್ರೇಷನ್ ಆಗಬೇಕಾದರೆ ಬರುವ ಸೋಮವಾರ ಮಧುಗಿರಿಯ ಆರ್‌ಟಿಓ ಮೈದಾನದಲ್ಲಿ ತಪಾಸಣೆ. ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗೆದು ವಾರವಾಗಿತ್ತಷ್ಟೆ.

"ಯಾಕ್ ಭಾವ ಒದ್ದಾಡ್ತೀರ?" ಎಂದ ಲಕ್ಷ್ಮೀಪತಿ. "ಹೆಂಗಿದ್ರೂ ಪಾಸಾಗಲ್ಲ. ಶಿರಾದಾಗೆ ಗುಜರಿಯೋರಿಗೆ ಹೇಳಿದೀನಿ, ಮಂಗಳವಾರ ಬಂದು ಎತ್ತಾಕ್ಕೊಂಡೋಯ್ತಾರೆ."

ಮೇಷ್ಟ್ರು ಕಪ್ಪು ಕನ್ನಡಕ ಸರಿಮಾಡಿಕೊಂಡರು. "ಪಾಸಾದ್ರೆ ಇರ್ತದೆ. ಆಗದಿದ್ರೆ ನೀನೇ ತಗೊಂಡೋಗಪ್ಪ."

ಅಪ್ಪನ ದನಿ ಎಂದಿನಂತೆಯೇ ಇತ್ತು. ಆದರೆ ಅವರ ಬೆರಳುಗಳು ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದ್ದ ಕಾರಿನ ಕೀಲಿಯನ್ನು ಹುಡುಕಿ ಮುಟ್ಟಿ ವಾಪಸ್ ಬಂದದ್ದನ್ನು ಲೋಹಿತಾ ಮಾತ್ರ ನೋಡಿದಳು.

'ಲೈಸೆನ್ಸ್ ನನ್ನ ಹತ್ತಿರವೂ ಇದೆ' ಎಂದುಕೊಂಡಳು. ಬಾಯಿಬಿಟ್ಟು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕೀಲಿ ತೆಗೆದುಕೊಂಡು ಹೊರಟೇಬಿಟ್ಟಳು.

* * *

ಹಿಂದೂಪುರ ರಸ್ತೆಯ ಹುಣಸೆಮರದ ಕೆಳಗೆ ಒಂದು ಗ್ಯಾರೇಜು. ಅದರ ತಗಡಿನ ಮಾಡಿನ ಮೇಲೆ ಮಧುಗಿರಿ ಬೆಟ್ಟದ ಒಂಟಿ ಬಂಡೆ ಬಾಗಿ ನೋಡುವಂತೆ ನಿಂತಿತ್ತು.

ಕಾರು ನಿಲ್ಲುತ್ತಿದ್ದಂತೆ ಬೇರೊಂದು ಗಾಡಿಯಡಿ ಮಲಗಿದ್ದವನೊಬ್ಬ ಹೊರಬಂದ. ಇಪ್ಪತ್ತೈದರ ಆಸುಪಾಸು. ಬಟ್ಟೆಯೆಲ್ಲ ಗ್ರೀಸು. ಲೋಹಿತಾಳನ್ನು ನೋಡಲೇ ಇಲ್ಲ. ಕಾರನ್ನೇ ನೋಡಿದ. ಕಳೆದುಹೋಗಿದ್ದ ನೆಂಟರನ್ನು ನೋಡುವಂತೆ ನೋಡಿದ.

ಆಮೇಲೆ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಚಕ್ರಕ್ಕೂ ಮೇಲಿನ ಬಾಡಿಗೂ ನಡುವೆ ಬೆರಳಿಟ್ಟ.

"ಬಲಗಡೆ ಮೂರು ಬೆರಳು. ಎಡಗಡೆ ಒಂದೂವರೆ. ಸ್ಪ್ರಿಂಗು ಕುಗ್ಗಿ ಕೂತ್ಬುಟ್ಟದೆ ಮೇಡಂ. ಎರಡೂ ಬದಲಾಯಿಸ್ಬೇಕು."

"ಎಡಗಡೆದು ಒಂದು ಸಾಲದಾ?" ಎಂದಳು ಮೆಲ್ಲಗೆ.

"ಒಂದಾಕಿದ್ರೆ ಆಮೇಲೆ ಬಲಕ್ಕೆ ವಾಲ್ತದೆ. ಹಾಕಿದ್ರೆ ಜೊತೆ ಹಾಕ್ಬೇಕು. ತುಮಕೂರಿಂದ ತರ್ಸಕ್ಕೆ ಎರಡು ದಿನ."

ಅವನು ಎಡಗಡೆಯ ಹಿಂಬಾಗಿಲು ತೆಗೆದ. ಸೀಟಿನ ಮೇಲೆ ಅಂಗೈಯಿಟ್ಟ. ಸೀಟಿನಡಿ ಕೈಹಾಕಿ ಏನನ್ನೋ ಎಳೆದು, ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಇಲ್ಲಿ ಯಾರು ಕೂರ್ತಿದ್ರು ಮೇಡಂ?"

ಲೋಹಿತಾ ನೆಲ ನೋಡಿದಳು. "...ನಾನು."

ಅವನು ನಕ್ಕುಬಿಟ್ಟ. ಹಲ್ಲೆಲ್ಲ ಕಾಣುವ ಹಾಗೆ, ಬಿಳಿ ಹಲ್ಲುಗಳ ತುಂಬು ನಗೆ.

ಮದುವೆ ಮನೆಯ ಚಪ್ಪರ ಮತ್ತೆ ಅವಳ ಕಣ್ಣೆದುರು ಬಂತು. ಕಿವಿ ಬಿಸಿಯಾಯಿತು. 'ಇವನಿಗೂ ಗೊತ್ತಾಯಿತು. ಸೀಟು ಮುಟ್ಟಿಯೇ ಗೊತ್ತುಮಾಡಿಕೊಂಡ!'

"ನಂಬರ್ ಕೊಟ್ಟೋಗಿ. ನನ್ನೆಸ್ರು ಓಬಳರಾಜು. ಸ್ಪ್ರಿಂಗು ಬಂದೇಟ್ಗೆ ಫೋನ್ ಮಾಡ್ತೀನಿ."

ನಂಬರ್ ಕೊಟ್ಟಳು. 'ಪರವಾಗಿಲ್ಲ' ಎಂದಳು. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದು ನಿರ್ಧರಿಸಿ ಹೊರಟಳು.

ಅವಳು ನಾಚಿಕೆಯ ಹುಡುಗಿ, ನಿಜ. ಆದರೆ ನಾಚಿಕೆಯವರಿಗೂ ಹೆಮ್ಮೆ ಇರುತ್ತದೆ. ಅದು ಮಾತನಾಡುವುದಿಲ್ಲ, ಎದ್ದು ಹೋಗುತ್ತದೆ ಅಷ್ಟೆ.

* * *

ಬುಧವಾರ ಕೆಲಸಕ್ಕೆ ರಜೆ ಹಾಕಿದಳು. ಮಧುಗಿರಿಯ ಖಾಸಗಿ ಶಾಲೆಯೊಂದರ ಆಫೀಸಿನಲ್ಲಿ ಅವಳ ಕೆಲಸ. ಕೊರಟಗೆರೆಯಲ್ಲಿ ಬೇರೊಬ್ಬ ಮೆಕ್ಯಾನಿಕ್ ಸಿಕ್ಕ. ಅವನು ಸ್ಪ್ರಿಂಗು ಬಿಚ್ಚಲೇ ಇಲ್ಲ. ಲಾರಿ ಟೈರಿನಿಂದ ಕತ್ತರಿಸಿದ ಎರಡು ರಬ್ಬರ್ ತುಂಡುಗಳನ್ನು ಎಡ ಸ್ಪ್ರಿಂಗಿನ ಸುರುಳಿಗಳ ನಡುವೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ.

"ಅರ್ಧ ಗಂಟೆ ಕೆಲ್ಸ ಕಣಮ್ಮ. ಎರಡು ದಿನ ಯಾಕ್ ಕಾಯ್ತೀಯ?"

ಕಾರು ನೆಟ್ಟಗೆ ನಿಂತಿತು. ಅವಳ ಖುಷಿಗೆ ಪಾರವೇ ಇಲ್ಲ. ಅಮ್ಮ ಗಂಗಲಕ್ಷ್ಮಿ ಹೇಳಿದ್ದ ಹರಕೆಯ ಹೂವು ನೆನಪಾಗಿ ಗೊರವನಹಳ್ಳಿ ದೇವಸ್ಥಾನದ ಕಡೆಗೇ ಕಾರು ತಿರುಗಿಸಿದಳು.

ದೇವಸ್ಥಾನ ಇನ್ನೂ ದೂರವಿತ್ತು. ಒಂದು ಹಂಪು. ಧಡ್... ಎಂದು ಸದ್ದಾಯಿತು. ಒಂದು ರಬ್ಬರ್ ತುಂಡು ರಸ್ತೆಯ ಮೇಲೆ ಪುಟಿದು ಚರಂಡಿ ಸೇರಿತು. ಎಡ ಹಿಂಚಕ್ರ ಕಾರಿನ ಮೈಗೆ ಉಜ್ಜಿ ಕಿರುಗುಟ್ಟತೊಡಗಿತು.

ಹಿಂದೆ ಭಕ್ತರ ಬಸ್ಸು. ಕಿಟಕಿಗಳಲ್ಲಿ ತಲೆಗಳು. ಡ್ರೈವರು ಹಾರ್ನ್ ಒತ್ತಿಯೇ ಒತ್ತಿದ. ಲೋಹಿತಾ ಕಾರನ್ನು ರಸ್ತೆಯಂಚಿಗೆ ಎಳೆದು, ಕೆಳಗಿಳಿದು ನಿಂತಳು. ಮಾವನಿಗೆ ಫೋನ್ ಮಾಡಿದರೆ ಗುಜರಿಯವರು ಇವತ್ತೇ ಬರುತ್ತಾರೆ. ಅಪ್ಪನಿಗೆ ಮಾಡಿದರೆ ಆ ಕಣ್ಣಲ್ಲೇ ಹೊರಟುಬಿಡುತ್ತಾರೆ.

ಉಳಿದದ್ದು ಒಂದೇ ನಂಬರು. ಒತ್ತಿದಳು. ಆ ಕಡೆಯಿಂದ ಹಲೋ ಎಂದಾಗ ಬಾಯಿಂದ ಮಾತೇ ಹೊರಡಲಿಲ್ಲ.

"ಮೇಡಂ?" ಎಂದಿತು ದನಿ. "ಕಾರು ಎಲ್ಲಿ ನಿಂತದೆ, ಅಷ್ಟೇಳಿ."

"ಗೊರವನಹಳ್ಳಿ ಹತ್ರ..."

"ಸರೇ. ನೆಳ್ಳಾಗೆ ನಿಂತಿರಿ, ಬಂದೆ."

ಮುಕ್ಕಾಲು ಗಂಟೆಯೊಳಗೆ ಓಬಳರಾಜು ಬೈಕಿನಲ್ಲಿ ಬಂದ. ಚರಂಡಿಯಿಂದ ರಬ್ಬರ್ ತುಂಡು ಹೆಕ್ಕಿ ತಿರುಗಿಸಿ ನೋಡಿದ. 'ಯಾರು ಹಾಕಿದ್ದು? ಯಾಕೆ ಹೋದ್ರಿ?' ಏನೂ ಕೇಳಲಿಲ್ಲ. ಜಾಕಿ ಏರಿಸಿ, ಆ ತುಂಡನ್ನೇ ಮತ್ತೆ ಕೂರಿಸಿ, ಹಳೆ ಬೆಲ್ಟಿನಿಂದ ಬಿಗಿದು ಕಟ್ಟಿದ.

"ಮಧುಗಿರಿಗಂಟ ತಡೀತದೆ. ಹೊರಡಿ."

"ನಾನಾ? ನೀವೇ ಓಡಿಸಿ..."

"ಗಾಡಿ ನಿಮ್ದು. ಇಲ್ಲಿಗಂಟ ಓಡ್ಸಿರೋರು ಅಲ್ಲಿಗಂಟ ಓಡ್ಸಲ್ವ? ನಾನು ಹಿಂದ್ಗಡೆ ಎಡ ಚಕ್ರ ನೋಡ್ಕೊಂಡೇ ಬತ್ತೀನಿ. ಹಾರ್ನ್ ಒಡುದ್ರೆ ನಿಲ್ಸಿ."

ಇಡೀ ದಾರಿ ಅವನು ಹಾರ್ನ್ ಹೊಡೆಯಲಿಲ್ಲ. ಕನ್ನಡಿಯಲ್ಲಿ ಒಂದೇ ಅಂತರದಲ್ಲಿ ಬರುತ್ತಲೇ ಇದ್ದ. ಲಾರಿಗಳು ಹಿಂದೆ ಹಾಕಿ ಹೋದವು, ಬಸ್ಸುಗಳು ಹೋದವು. ಬೆಟ್ಟದ ಬಂಡೆ ಕಂಡಾಗ ಲೋಹಿತಾಳ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ಇಷ್ಟು ದೂರ ಅವಳು ಒಬ್ಬಳೇ ಕಾರು ಓಡಿಸಿದ್ದು ಇದೇ ಮೊದಲು.

ಕಾರನ್ನು ಗ್ಯಾರೇಜಿನಲ್ಲೇ ಬಿಟ್ಟು ಬಂದ ಆ ಸಂಜೆ ಡೈರಿಯಲ್ಲಿ ಬರೆದಳು. 'ಕನ್ನಡಿಯಲ್ಲಿ ಚಕ್ರ ಕಾಣುವುದಿಲ್ಲ, ಅವರು ಕಾಣುತ್ತಾರೆ.' ಬರೆದು ಹೊಡೆದುಹಾಕಿದಳು.

* * *

ಗುರುವಾರ ಕೆಲಸ ಮುಗಿಸಿ ಗ್ಯಾರೇಜಿಗೆ ಹೋದಳು. ಸ್ಪ್ರಿಂಗು ಬಂದಿರಲಿಲ್ಲ. ಬಂದಿಲ್ಲವೆಂದು ಅವನು ಫೋನಿನಲ್ಲೇ ಹೇಳಿದ್ದ.

ಹುಣಸೆಮರದಡಿ ಟೀ ಅಂಗಡಿಯ ಪಾಪಕ್ಕ ಲೋಟ ತೊಳೆಯುತ್ತ ಕೇಳಿದಳು. "ಏನ್ ಕಣಮ್ಮ, ಕಾರ್ ಬುಟ್ಟೋಗಿ ಮತ್ತೆ ನೋಡಕ್ ಬಂದ್ಬುಟ್ಟೆ? ಅದೇನು ಹಸುಗೂಸಾ, ಅಳ್ತದಾ?"

ಲೋಹಿತಾ ತಲೆ ತಗ್ಗಿಸಿದಳು.

"ಪಾಪಕ್ಕ, ಟೀ ಕೊಡು, ಬಾಯ್ ಮಾಡ್ಬೇಡ," ಎಂದ ಓಬಳರಾಜು.

"ಟೀ ಕೊಡ್ತೀನಿ ಕಣ್ಲಾ. ನೀನ್ಯಾಕೆ ಇವತ್ತು ತಲೆ ಬಾಚ್ಕೊಂಡಿದೀಯ, ಅದೇಳು ಮದ್ಲು."

ಅವನು ಕಾರಿನಡಿ ನುಸುಳಿದ. ಲೋಹಿತಾ ಟೀ ಲೋಟದೊಳಗೆ ನಕ್ಕಳು. ಆ ನಗು ಅವಳನ್ನೇ ಬೆಚ್ಚಿಸಿತು. 'ನನ್ನನ್ನು ನೋಡಿ ನಕ್ಕವನ ಮುಂದೆ ನಾನು ನಗುತ್ತಿದ್ದೇನಾ?'

* * *

ಶುಕ್ರವಾರ ಸ್ಪ್ರಿಂಗು ಬಂತು. ಸಂಜೆ ಐದಕ್ಕೆ ಲೋಹಿತಾ ಹೋದಾಗ ಕಾರಿನ ಹಿಂಭಾಗ ಸ್ಟ್ಯಾಂಡುಗಳ ಮೇಲೆ ಎದ್ದು ನಿಂತಿತ್ತು. ಓಬಳರಾಜು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು ಬಿಚ್ಚಿದ. ಆಕ್ಸಲ್ಲು ಕೆಳಗಿಳಿಯಿತು. ಸ್ಪ್ರಿಂಗು ಸಡಿಲವಾಗಿ ಕೈಗೇ ಬಂತು. ಆಮೇಲೆ ಇನ್ನೊಂದು.

ಎರಡನ್ನೂ ಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ನಿಲ್ಲಿಸಿದ. ಬಲದ್ದಕ್ಕಿಂತ ಎಡದ್ದು ಒಂದೂವರೆ ಬೆರಳು ಗಿಡ್ಡ. ಕೆಳಗಿನ ಸುರುಳಿ ತುಕ್ಕು ತಿಂದು ಸವೆದಿತ್ತು.

ಲೋಹಿತಾ ಅದನ್ನು ನೋಡುತ್ತ ನಿಂತಳು. ಹನ್ನೊಂದು ವರ್ಷದ ಪ್ರಶ್ನೆ ತಾನಾಗಿಯೇ ಹೊರಬಂತು. "ಒಬ್ಬರು ಕೂತೂ ಕೂತೂ... ಹೀಗಾಗುತ್ತಾ?"

ಓಬಳರಾಜುವಿನ ಕೈ ನಿಂತಿತು. "ಯಾರ್ ಹೇಳಿದ್ರು ನಿಮ್ಗೆ?"

ಅವಳ ಕಣ್ಣು ತುಂಬಿತ್ತು.

"ಅದಕ್ಕೇನಾ ಕೊರಟಗೆರೆಗೆ ಹೋಗಿದ್ದು? ನಾನು ನಕ್ಕಿದ್ದು ನಿಮ್ಮನ್ನ ನೋಡಿ ಅಂತ?"

ಅವನು ಕೈ ಒರೆಸಿಕೊಂಡು ಗೋಡೆಯ ಗೂಡಿನಿಂದ ಏನನ್ನೋ ತಂದು ಬೆಂಚಿನ ಮೇಲಿಟ್ಟ. ನೀಲಿ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ನೀರಿನ ಕ್ಯಾನಿನದು.

"ಅವತ್ತು ನಿಮ್ಮ ಸೀಟಿನ ಕೆಳಗೆ ಸಿಕ್ತು. ಇದನ್ನ ನೋಡಿ ನಕ್ಕೆ ಮೇಡಂ."

ಲೋಹಿತಾ ಅರ್ಥವಾಗದೆ ನೋಡಿದಳು.

"ನಮ್ಮೂರು ಕ್ಯಾತಗಾನಚೆರ್ಲು ಪಕ್ಕ. ಈಗ ಸೋಲಾರು ಕರೆಂಟಿನ ಪ್ಲಾಂಟು ಬಂದದೆ, ಆವಾಗ ಏನಿರ್ಲಿಲ್ಲ. ಬೋರ್ ನೀರ್ನಾಗೆ ಫ್ಲೋರೈಡು, ಕುಡುದ್ರೆ ಹಲ್ಲೆಲ್ಲಾ ಕಂದು, ಮಂಡಿ ಹಿಡ್ಕೊಳ್ಳೋದು. ದಾಸಯ್ಯ ಮೇಷ್ಟ್ರು ದಿನಾ ಮಧುಗಿರಿ ಫಿಲ್ಟರ್‌ನಾಗೆ ನಾಲ್ಕು ಕ್ಯಾನ್ ತುಂಬ್ಸಿ ಈ ಕಾರಲ್ಲಿ ನಮ್ಮೂರ್ ಸ್ಕೂಲಿಗೆ ತರೋರು. ಬಲಗಡೆ ಹಿಂದಿನ್ ಡೋರು ಆವಾಗ್ಲೂ ತೆಗೀತಿರ್ಲಿಲ್ಲ, ತುಂಬಿದ್ ಕ್ಯಾನ್ ಒಬ್ರೇ ಆ ಕಡೆ ತಳ್ಳಕ್ಕಾಗಲ್ಲ. ನಾಲ್ಕೂ ಎಡಗಡೇನೇ ಜೋಡ್ಸೋರು. ಇಳ್ಸೋ ಕೆಲ್ಸ ನಂದು. ಒಂದ್ಸರಿ ಮುಚ್ಚಳ ಕಳೆದಾಕಿ ಬೈಸ್ಕೊಂಡಿದ್ದೆ. ಇದೇ ಅದು."

"ಎಷ್ಟು ದಿನ?"

"ದಿನ ಅಲ್ಲ ಮೇಡಂ, ಹನ್ನೊಂದು ವರ್ಸ. ಊರಿಗೆ ಫಿಲ್ಟರ್ ಬರಗಂಟ. ಮನೆಗೂ ಒಂದ್ ಬಾಟ್ಲು ತುಂಬ್ಸಿ ಕಳ್ಸೋರು. ನಮ್ಮಣ್ಣನ ಹಲ್ಲು ನೋಡಿ, ನನ್ನ ಹಲ್ಲು ನೋಡಿ, ಗೊತ್ತಾಗ್ತದೆ."

ಅವನು ನಕ್ಕ. ಅದೇ ಬಿಳಿ ಹಲ್ಲುಗಳ ತುಂಬು ನಗೆ.

ಲೋಹಿತಾಳಿಗೆ ಒಂದೊಂದೇ ನೆನಪಾಯಿತು. ಅಪ್ಪ ನಸುಕಿನಲ್ಲೇ ಹೊರಟುಬಿಡುತ್ತಿದ್ದರು. ಎಡಸೀಟು ಯಾವಾಗಲೂ ಒದ್ದೆ ಇರುತ್ತಿತ್ತು. 'ಬಾಟ್ಲು ಮುಚ್ಚಳ ಸರಿಯಾಗಿ ಹಾಕಲ್ಲ' ಎಂದು ಅಮ್ಮ ಬೈಯುತ್ತಿದ್ದದ್ದು ಅವಳನ್ನು. ಅಪ್ಪ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ತನ್ನ ಅವಮಾನ ಎಂದು ಹೊತ್ತು ತಿರುಗಿದ್ದು ಅಪ್ಪನ ಹೆಮ್ಮೆಯಾಗಿತ್ತು!

"ಮತ್ತೆ ಯಾಕೆ ಅಪ್ಪನನ್ನು ನೋಡಲು ಬರಲಿಲ್ಲ? ಇಷ್ಟು ಹತ್ತಿರ ಇದ್ದೂ?"

ಅವನ ನಗು ಅಳಿಯಿತು. "'ಓಬಳ, ನೀನು ಒಂದಿನ ನನ್ ಕುರ್ಚೀಲಿ ಕೂರ್ತೀಯ ಕಣ್ಲಾ' ಅಂತಿದ್ರು. ಹತ್ತನೇ ಕ್ಲಾಸ್ ಫೇಲಾಗಿ ಹಿಂಗೆ ಗ್ರೀಸ್ ಬಳ್ಕೊಂಡು ಯಾವ್ ಮುಖ ತೋರ್ಸ್ಲಿ? ಕಾರು ಸರಿ ಮಾಡಿ ಕಳುಸ್ತೀನಿ. ಯಾರು ಮಾಡಿದ್ದು ಅಂತ ಹೇಳ್ಬೇಡಿ."

ಅವಳು ಹೂಂ ಎನ್ನಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ಸ್ಪ್ಯಾನರ್ ಎತ್ತಿಕೊಂಡಳು.

"ಎಡಗಡೆ ನಾನು ಬಿಗೀಲಾ?"

ಹೊಸ ಸ್ಪ್ರಿಂಗುಗಳು ಜಾಗದಲ್ಲಿ ಕೂತವು. ಬಲದ ಬೋಲ್ಟು ಅವನು ಬಿಗಿದ, ಎಡದ್ದು ಅವಳು. "ಇನ್ನೊಂದ್ ಸುತ್ತು... ಸಾಕು" ಎಂದ. ಮೊಣಕೈವರೆಗೆ ಕಪ್ಪಾಗಿತ್ತು. ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ.

ಕಾರು ನೆಲಕ್ಕಿಳಿಯಿತು. ಓಬಳರಾಜು ಬಲಕ್ಕೆ ಬೆರಳಿಟ್ಟ. ನಾಲ್ಕು. ಎಡಕ್ಕಿಟ್ಟ. ನಾಲ್ಕು.

"ಈಗ ಕೂತ್ಕಳಿ. ನಿಮ್ ಜಾಗದಾಗೆ."

ಲೋಹಿತಾ ಎಡಗಡೆಯ ಹಿಂಸೀಟಿನಲ್ಲಿ ಕೂತಳು. ಅವನು ಮತ್ತೆ ಅಳೆದು ನೋಡಿದ.

"ಒಂದ್ ದಾರದಷ್ಟು ಇಳೀತು."

ಅವಳ ಮುಖ ಬಾಡಿತು.

"ನಾನ್ ಕೂತ್ರೂ ಅಷ್ಟೇ, ಪಾಪಕ್ಕ ಕೂತ್ರೂ ಅಷ್ಟೇ. ಕೂತಾಗ ಇಳಿಯೋದು, ಎದ್ದಾಗ ಏಳೋದು, ಸ್ಪ್ರಿಂಗ್ ಇರೋದೇ ಅದಕ್ಕೆ ಮೇಡಂ. ಅದ್ರಾಗೆ ನಾಚ್ಕೊಳ್ಳೋದೇನದೆ?"

ಹೊರಗಿನಿಂದ ಪಾಪಕ್ಕ ಕೂಗಿದಳು. "ಲೇ, ನನ್ ಹೆಸರ್ಯಾಕ್ಲಾ ಎತ್ತಿದ್ದು?"

ಅಳುತ್ತಲೇ ನಕ್ಕಳು ಲೋಹಿತಾ. ಬಲಗಡೆಯ ಬಾಗಿಲನ್ನು ಒಳಗಿನಿಂದ ಸುಮ್ಮನೆ ತಳ್ಳಿದಳು. ಅದೂ ತೆರೆದುಕೊಂಡಿತು. ಅವನು ಹೇಳದೆಯೇ ಸರಿಮಾಡಿಟ್ಟಿದ್ದ.

ಭಾನುವಾರದ ಡೈರಿಯಲ್ಲಿ ಒಂದೇ ಸಾಲು ಇತ್ತು. ಅದನ್ನು ಅವಳು ಹೊಡೆದುಹಾಕಲಿಲ್ಲ.

* * *

ಸೋಮವಾರ. ಆರ್‌ಟಿಓ ಮೈದಾನ.

ಸ್ಟೇರಿಂಗಿನಲ್ಲಿ ಲೋಹಿತಾ. ಪಕ್ಕದಲ್ಲಿ ಕಪ್ಪು ಕನ್ನಡಕದ ಅಪ್ಪ. ಹಿಂದೆ ಬಲಬಾಗಿಲಿನಿಂದಲೇ ಹತ್ತಿದ ಅಮ್ಮ, ಎಡಗಡೆ ಮಾವ. ದೂರದ ಬೇವಿನ ಮರದಡಿ ಓಬಳರಾಜು ಬೈಕಿನ ಹಿಂದೆ ನಿಂತಿದ್ದ. ಬರುವುದಿಲ್ಲ ಎಂದಿದ್ದ. ಬಂದಿದ್ದ.

ಇನ್‌ಸ್ಪೆಕ್ಟರು ಸುತ್ತು ಹಾಕಿದರು. ಲೈಟು, ಬ್ರೇಕು, ಹಾರ್ನು. ಕಾರಿನ ಹಿಂಭಾಗಕ್ಕೆ ಎರಡೂ ಅಂಗೈಯಿಟ್ಟು ಬಲವಾಗಿ ಒತ್ತಿ ಬಿಟ್ಟರು. ಕಾರು ಒಮ್ಮೆ ಎದ್ದು, ಹಾಗೇ ಸುಮ್ಮನೆ ನಿಂತಿತು.

"ಇಪ್ಪತ್ತು ವರ್ಷದ ಗಾಡೀನಾ ಇದು?" ಎಂದರು. ಸಹಿ ಹಾಕಿದರು.

"ಪಾಸಾ?" ಎಂದರು ಮೇಷ್ಟ್ರು.

"ಪಾಸಾಯ್ತಪ್ಪ," ಎಂದಳು ಲೋಹಿತಾ.

ಲಕ್ಷ್ಮೀಪತಿ ಕೆಳಗಿಳಿದು ಕಾರನ್ನು ಹಿಂದಿನಿಂದ ನೋಡಿದ. "ಏ ಲೋಹಿ, ಊಟ ಬುಟ್ಟಿದ್ದಾ? ಕಾರು ನೆಟ್ಟಗಾಗ್ಬುಟ್ಟದೆ."

ಹದಿಮೂರರಲ್ಲಿ ತಗ್ಗಿದ್ದ ತಲೆ ಈ ಸಲ ತಗ್ಗಲಿಲ್ಲ. ಅವಳು ನೀಲಿ ಮುಚ್ಚಳವನ್ನು ಅಪ್ಪನ ಅಂಗೈಯಲ್ಲಿಟ್ಟಳು.

ಮೇಷ್ಟ್ರು ಅದರ ಅಂಚನ್ನು ಬೆರಳಲ್ಲಿ ಸವರಿದರು. ಬಹಳ ಹೊತ್ತು ಸವರಿದರು. "ಇದೆಲ್ಲಿ ಸಿಕ್ತಮ್ಮ?"

"ನನ್ನ ಸೀಟಿನ ಕೆಳಗೆ. ದಿನಾ ನಾಲ್ಕು ಕ್ಯಾನು ನೀರು. ಸ್ಪ್ರಿಂಗು ಕುಗ್ಗಿದ್ದು ಅದಕ್ಕೆ ಮಾವ, ನನ್ನ ಭಾರಕ್ಕಲ್ಲ."

ಗಂಗಲಕ್ಷ್ಮಿ ಗಂಡನನ್ನೇ ನೋಡಿದಳು. "ಅದಕ್ಕಾ ಸೀಟು ಒದ್ದೆ ಇರ್ತಿದ್ದಿದ್ದು? ಸುಮ್ಸುಮ್ನೆ ಮಗೂನ ಬೈದ್ನಲ್ರೀ."

"ಹೇಳಿದ್ರೆ ಹೊಸ ಕಾರು ಹಾಳ್ಮಾಡ್ತೀಯ ಅಂತಿದ್ದೆ ನೀನು," ಎಂದರು ಮೇಷ್ಟ್ರು ತಪ್ಪು ಮಾಡಿದ ಹುಡುಗನಂತೆ.

ಲಕ್ಷ್ಮೀಪತಿ ಫೋನ್ ತೆಗೆದು, ಶಿರಾದವರಿಗೆ ಬರಬೇಡಿ ಎಂದು ಹೇಳಲು ಆ ಕಡೆ ಸರಿದ.

"ಇದನ್ನ ಯಾರಮ್ಮ ಕೊಟ್ಟಿದ್ದು?" ಎಂದು ಮೇಷ್ಟ್ರು ಮಗಳನ್ನು ಕೇಳಿದರು.

ಲೋಹಿತಾ ಅಪ್ಪನ ಕೈಹಿಡಿದು ಬೇವಿನ ಮರದ ಬಳಿಗೆ ಕರೆದುಕೊಂಡು ಹೋದಳು. ಓಬಳರಾಜುವಿಗೆ ಓಡಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

"ಸಾರ್... ನಾನು ಓಬಳರಾಜು. ಮೇಷ್ಟ್ರಾಗ್ಲಿಲ್ಲ ಸಾರ್."

ಮೇಷ್ಟ್ರು ಕನ್ನಡಕ ತೆಗೆಯಲು ಹೋಗಿ, ವೈದ್ಯರ ಮಾತು ನೆನಪಾಗಿ ಬಿಟ್ಟರು. ಅವನ ಕೈ ಹಿಡಿದು, ಗ್ರೀಸು ಕೂತ ಉಗುರುಗಳನ್ನು ಬೆರಳಲ್ಲೇ ಓದಿದರು.

"ನನ್ ಕುರ್ಚಿ ಏನ್ ಮಹಾ ಕಣ್ಲಾ. ಮೂವತ್ತು ವರ್ಸ ಪಾಠ ಹೇಳಿದೀನಿ, ನನ್ ಕಾರ್ನ ನೆಟ್ಟಗೆ ನಿಲ್ಸಿದೋನು ನೀನೊಬ್ನೇ. ಮುಚ್ಚಳ ಕಳೆದಾಕಿದ್ದೂ ನೀನೇ, ಅಲ್ವೇನ್ಲಾ?"

"ಹೂಂ ಸಾರ್. ವಾಪಸ್ ಕೊಟ್ಟಿದೀನಿ ಸಾರ್."

ಇಬ್ಬರೂ ನಕ್ಕರು. ಓಬಳರಾಜು ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡ. ಮೇಷ್ಟ್ರು ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು, ಹೆಂಡತಿಯ ಕಡೆಗೆ ನಿಧಾನವಾಗಿ ನಡೆದರು.

ಮರದಡಿ ಇಬ್ಬರೇ ಉಳಿದರು. ಡೈರಿಯಲ್ಲಿ ಹೊಡೆದುಹಾಕದ ಆ ಭಾನುವಾರದ ಸಾಲು ಲೋಹಿತಾಳ ನಾಲಿಗೆಯ ತುದಿಗೆ ಬಂದು ಬಂದು ಹಿಂದಿರುಗುತ್ತಿತ್ತು.

"ಹೇಳ್ಬೇಡಿ ಅಂದಿದ್ದೆ," ಎಂದ ಅವನು.

"ನಾನು ಹೂಂ ಅಂದಿರಲಿಲ್ಲ."

ಅವನು ಮಾತು ಹುಡುಕಿದ. ಸಿಕ್ಕದ್ದು ಗ್ಯಾರೇಜಿನ ಮಾತೇ. "ಹೊಸ ಸ್ಪ್ರಿಂಗು ಮೇಡಂ. ಆರು ತಿಂಗ್ಳು ಬುಟ್ಟು ಒಂದ್ಸರಿ ತಂದು ತೋರ್ಸಿ."

ಹೂಂ ಎನ್ನಬಹುದಿತ್ತು. ಪರವಾಗಿಲ್ಲ ಎಂದು ಹೊರಟುಬಿಡಬಹುದಿತ್ತು. ಆ ಕಡೆ ಅಮ್ಮ ಕರೆಯುತ್ತಿದ್ದಳು.

"ನಾಳೆ ಬರ್ತೀನಿ," ಎಂದಳು.

"ನಾಳೇನಾ? ಕಾರಿಗೇನಾಗದೆ?"

ಲೋಹಿತಾ ಅವನ ಕಣ್ಣನ್ನೇ ನೋಡಿದಳು. ದನಿ ನಡುಗಲಿಲ್ಲ. ಕಾರಿನ ಬಳಿ ನಿಂತವರಿಗೂ ಕೇಳಿಸುವಷ್ಟು ಸ್ಪಷ್ಟವಾಗಿತ್ತು.

"ಕಾರಿಗೆ ಏನೂ ಆಗಿಲ್ಲ. ನಿಮ್ಮನ್ನ ನೋಡದೆ ಆರು ತಿಂಗಳು ಇರೋಕೆ ನನ್ನಿಂದ ಆಗಲ್ಲ."